ಲಿಟಿಗೇಷನ್: ಒಂದು ಪದದ ಜಾಡಿನಲ್ಲಿ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಆಡುಮಾತಿನಲ್ಲಿ ಬೇರುಬಿಟ್ಟಿರುವ ಇಂಗ್ಲಿಷ್ ಪದಗಳಲ್ಲಿ ‘ಲಿಟಿಗೇಷನ್’ ಎಂಬುದೂ ಒಂದು. ಶಾಲೆಯ ಮೆಟ್ಟಿಲು ಹತ್ತದ ರೈತನೂ ‘ಆ ತೋಟ ಲಿಟಿಗೇಷನ್‌ನಲ್ಲಿದೆ, ತಗೋಬೇಡಿ’ ಎಂದು ಎಚ್ಚರಿಸುತ್ತಾನೆ. ‘ಅವನು ಬರೀ ಲಿಟಿಗೇಷನ್ ಗಿರಾಕಿ’ ಎಂದರೆ ಅದು ಸ್ವಭಾವಕ್ಕೆ ಕೊಟ್ಟ ಬಿರುದು. ನ್ಯಾಯಾಲಯದ ಪ್ರಕ್ರಿಯೆಯನ್ನು ಹೇಳುವ ಪದವು ನಮ್ಮಲ್ಲಿ ಜಮೀನಿನ ದೋಷವೂ ಮನುಷ್ಯನ ಗುಣವೂ ಆಗಿ ಅರ್ಥವಿಸ್ತಾರ ಪಡೆದಿದೆ.

ಇದರ ಮೂಲ ಲ್ಯಾಟಿನ್. ‘ಲೀಸ್’ ಎಂದರೆ ಕಲಹ, ವ್ಯಾಜ್ಯ. ‘ಅಗೆರೆ’ ಎಂದರೆ ಅಟ್ಟು, ನಡೆಸು. ದನಗಳನ್ನು ಅಟ್ಟುವುದಕ್ಕೂ ರೋಮನ್ನರು ಇದೇ ಕ್ರಿಯಾಪದವನ್ನು ಬಳಸುತ್ತಿದ್ದರು. ಸಂಸ್ಕೃತದ ‘ಅಜ್’ ಧಾತು ಇದರ ಸೋದರ. ಹಾಗಾಗಿ ಲಿಟಿಗೇಷನ್ ಎಂದರೆ ಕಲಹವನ್ನು ಅಟ್ಟಿಕೊಂಡು ಹೋಗುವುದು. ಅಮೃತಮಹಲ್ ರಾಸುಗಳ ಕೇಂದ್ರವಿರುವ ಅಜ್ಜಂಪುರದವರಿಗೆ ಈ ಉಪಮೆ ಬೇಗ ಹಿಡಿಸೀತು: ಹಿಂದೆ ನಿಂತು ಅಟ್ಟುವವನಿಲ್ಲದೆ ಹಿಂಡು ದೂರ ಸಾಗದು. ಅದೇ ‘ಲೀಸ್’ ಪದ ‘ಲಿಸ್ ಪೆಂಡೆನ್ಸ್’ ಎಂಬ ಕಾನೂನಿನ ತತ್ತ್ವದಲ್ಲೂ ಉಳಿದಿದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 52ನೆಯ ಕಲಮಿನಂತೆ, ದಾವೆ ನಡೆಯುತ್ತಿರುವಾಗ ಜಮೀನು ಕೊಂಡವನೂ ಅದರ ತೀರ್ಪಿಗೆ ಬದ್ಧ. ಮೇಲಿನ ರೈತನ ಎಚ್ಚರಿಕೆಯ ತಿರುಳು ಇದೇ.

ಇದರೊಡನೆ ‘ರೈವಲ್’ ಪದವನ್ನೂ ನೋಡಬೇಕು. ಲ್ಯಾಟಿನ್ನಿನ ‘ರೀವುಸ್’ ಎಂದರೆ ಹಳ್ಳ, ತೊರೆ. ಒಂದೇ ತೊರೆಯ ನೀರನ್ನು ಹಂಚಿಕೊಳ್ಳುವ ನೆರೆಹೊರೆಯವರು ‘ರೀವಾಲಿಸ್’. ಪ್ರತಿಸ್ಪರ್ಧಿ ಎಂಬ ಅರ್ಥ ಬೆಳೆದದ್ದು ಅಲ್ಲಿಂದ. ಮದಗದ ಕೆರೆ, ಲಕ್ಕವಳ್ಳಿಯ ಭದ್ರಾ ಜಲಾಶಯಗಳ ನಾಡಿನವರಿಗೆ ಈ ಅರ್ಥಪಲ್ಲಟವನ್ನು ವಿವರಿಸಬೇಕಿಲ್ಲ. ತೂಬಿನ ಸರದಿಯ ಜಗಳವನ್ನು ಕಾಣದ ಊರು ಇಲ್ಲಿ ಅಪರೂಪ.

ನಮ್ಮ ಪದಗಳಿಗೂ ಇಂಥದೇ ಕಥೆಯುಂಟು. ‘ತಕರಾರು’ ಅರಬ್ಬಿಯಿಂದ ಬಂದದ್ದು. ಅಲ್ಲಿ ಅದರ ಅರ್ಥ ಪುನರಾವೃತ್ತಿ. ಆಡಿದ್ದನ್ನೇ ಆಡುವುದು ಜಗಳವಾಯಿತು. ಇಂದು ವ್ಯಾಪಾರವನ್ನು ಸೂಚಿಸುವ ‘ವ್ಯವಹಾರ’ ಧರ್ಮಶಾಸ್ತ್ರಗಳಲ್ಲಿ ನ್ಯಾಯವಿಚಾರಣೆಯ ಹೆಸರಾಗಿತ್ತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರ’ದ ವ್ಯವಹಾರಾಧ್ಯಾಯದಲ್ಲಿ ದಾಯವಿಭಾಗವನ್ನು, ಅಂದರೆ ಆಸ್ತಿಯ ಹಂಚಿಕೆಯನ್ನು, ವಿಸ್ತಾರವಾಗಿ ಚರ್ಚಿಸಿದ್ದಾನೆ. ಪಿತ್ರಾರ್ಜಿತ ಆಸ್ತಿಯ ಪಾಲಿನ ದಾವೆಗಳಲ್ಲಿ ಆ ಗ್ರಂಥದ ಹೆಸರು ಇಂದಿಗೂ ಕೇಳಿಬರುತ್ತದೆ.

ನನ್ನ ಬಂಧುವರ್ಗದ ಸೋದರರಿಬ್ಬರು ಅಡಕೆ ತೋಟದ ಪಾಲಿಗಾಗಿ ದಾವೆ ಹೂಡಿದ್ದರು. ವಾಯಿದೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು, ಒಬ್ಬರು ಮುಂದೆ, ಮತ್ತೊಬ್ಬರು ಹಿಂದೆ, ಮಾತಿಲ್ಲ. ತೀರ್ಪಿಗೆ ಮುನ್ನವೇ ಹಿರಿಯರು ತೀರಿಕೊಂಡರು. ತಮ್ಮ ಪರವಾಗಿ ಬಂದ ತೀರ್ಪಿನ ನಕಲನ್ನು ಕಿರಿಯರು ನನ್ನ ಕೈಗಿತ್ತು, ‘ಇದನ್ನ ಈಗ ಯಾರಿಗೆ ತೋರಿಸ್ಲಿ?’ ಎಂದರು. ನಾನು ಓದಿ, ಮಡಿಸಿ, ಹಿಂದಿರುಗಿಸಿದೆ.

ಅಂದಿನಿಂದ ನನಗೆ ಮತ್ತೆ ಮತ್ತೆ ನೆನಪಾಗುವುದು ಶ್ರವಣಬೆಳಗೊಳದ 1368ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾದಾಗ ವಿಜಯನಗರದ ಬುಕ್ಕರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟನು. ಆ ತೀರ್ಮಾನದಂತೆ ಮುಂದೆ ಇಬ್ಬರೂ ಕೂಡಿ ಬಾಳಬೇಕಾಗಿತ್ತು. ನಮ್ಮ ಸೋದರರ ತೀರ್ಪಿನಲ್ಲಿ ಚಕ್ಕುಬಂದಿ ಇತ್ತು, ಗುಂಟೆಗಳ ಲೆಕ್ಕವಿತ್ತು. ಕೈಯಲ್ಲಿ ಕೈಯಿಡುವ ಕೆಲಸ ನ್ಯಾಯಾಲಯದ್ದಲ್ಲ, ನೆಂಟರಾದ ನಮ್ಮದು. ಆ ಬಸ್ಸಿನಲ್ಲಿ ನಮ್ಮಲ್ಲೊಬ್ಬರು ಅವರ ನಡುವೆ ಕುಳಿತಿದ್ದರೆ ಸಾಕಾಗುತ್ತಿತ್ತೇನೋ.