ಬಾತುಕೋಳಿಯ ಹೊಟ್ಟೆಯೊಳಗಿಂದ

ನನ್ನ ಫೋನು ದಿನಕ್ಕೆರಡು ಸಲ ಜಾಗವಿಲ್ಲ ಎಂದು ಗೊಣಗುತ್ತದೆ. ನೆಂಟರು ಕಳಿಸಿದ ಶುಭೋದಯದ ಗುಲಾಬಿಗಳನ್ನೆಲ್ಲ ಕಿತ್ತದ್ದಾಯಿತು, ಯಾರದೋ ಗೃಹಪ್ರವೇಶದ ವಿಡಿಯೋ ಅಳಿಸಿದ್ದಾಯಿತು. ಅದರ ಹೊಟ್ಟೆ ಮಾತ್ರ ಇಳಿಯಲಿಲ್ಲ. "ರೀ, ಹೇಗೂ ಕೂತಿದ್ದೀರಲ್ಲ, ಇದನ್ನೂ ಖಾಲಿ ಮಾಡಿ" ಎಂದು ಹೆಂಡತಿ ತನ್ನ ಫೋನನ್ನೂ ಕೈಗಿಟ್ಟು ಒಳಗೆ ಹೋದಳು. ಕೂತೆ. ಆದರೆ ಕೈ ಹೋದದ್ದು ಕಂಪ್ಯೂಟರಿನ ಕಡೆಗೆ. ಹಳೆಯ ಅಟಾರಿ ಆಟಗಳನ್ನು ಅದರಲ್ಲಿ ಆಡುವ ಚಟ ಈಚೆಗೆ ಅಂಟಿಕೊಂಡಿದೆ.

ಈ ಅಟಾರಿ 2600 ಎಂಬ ವಿಡಿಯೋ ಆಟದ ಪೆಟ್ಟಿಗೆ 1977ರಲ್ಲಿ ಅಮೆರಿಕದ ಪೇಟೆಗೆ ಬಂತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಮಕ್ಕಳು ಟೀವಿಗೆ ಜೋಡಿಸಿಕೊಂಡು ಹೆಚ್ಚಾಗಿ ಆಡಿದ್ದು ಇದನ್ನೇ. ಮುಖಕ್ಕೆ ಮರದ ಹಲಗೆಯ ವೇಷ, ಒಳಗೆ 128 ಬೈಟ್ ಮೆಮೊರಿ. ಕಿಲೋ ಅಲ್ಲ, ಮೆಗಾ ಅಲ್ಲ, ಬರೀ ಬೈಟು! ಇಂದಿನ ಫೋನುಗಳ ಲೆಕ್ಕದಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟ್, ಗುಡಿಸು ಕೊಂಬುಗಳಿಗೆ ಮತ್ತೆ ಮೂರು ಮೂರು. "ನಿಮ್ಮ ಮಗಳ ಮದುವೆಗೆ ಬರಲಾಗಲಿಲ್ಲ, ಕ್ಷಮಿಸಿ ರಾಯರೇ" ಎಂದು ಬರೆದರೆ ಪೆಟ್ಟಿಗೆ ಹೆಚ್ಚುಕಡಿಮೆ ಭರ್ತಿ. ಕಾರಣ ಹೇಳಲು ಜಾಗವಿಲ್ಲ.

ಆಟದ ಪ್ರೋಗ್ರಾಮೇನೋ ಪೆಟ್ಟಿಗೆಗೆ ಸಿಕ್ಕಿಸುವ ಕಾರ್ಟ್ರಿಜ್‌ನಲ್ಲಿ ಇರುತ್ತಿತ್ತು, ಸಾಮಾನ್ಯವಾಗಿ 2 ಇಲ್ಲವೇ 4 ಕಿಲೋಬೈಟ್. ಆದರೆ ಪರದೆಯ ಚಿತ್ರವನ್ನು ಇಟ್ಟುಕೊಳ್ಳುವುದೆಲ್ಲಿ? ಇಟ್ಟುಕೊಳ್ಳುತ್ತಲೇ ಇರಲಿಲ್ಲ. ಹಳೆಯ ಟೀವಿಯಲ್ಲಿ ಕಿರಣ ಒಂದೊಂದೇ ಗೆರೆ ಎಳೆಯುತ್ತ ಕೆಳಗಿಳಿಯುತ್ತದಲ್ಲ, ಅದು ಬಂದು ಮುಟ್ಟುವಷ್ಟರಲ್ಲಿ ಆ ಗೆರೆಗೆ ಬೇಕಾದ್ದನ್ನು ಪ್ರೋಗ್ರಾಂ ಸಿದ್ಧ ಮಾಡಿಕೊಡಬೇಕು. ಒಂದು ಗೆರೆಗೆ ಸಿಗುವ ಪುರುಸೊತ್ತು ಪ್ರೊಸೆಸರಿನ 76 ಮಿಡಿತ. ಮದುವೆಮನೆಯಲ್ಲಿ ಬಡಿಸುವವನು ಒಬ್ಬನೇ, ಕೈಯಲ್ಲಿರುವುದು ಒಂದೇ ಸೌಟು, ಉಣ್ಣುವವರು ಬೆನ್ನ ಹಿಂದೆಯೇ ಬರುತ್ತಿದ್ದಾರೆ. ಇಡೀ ಪರದೆ ಒಂದು ಪಂಕ್ತಿ ಎಂದುಕೊಂಡರೆ, ಸೆಕೆಂಡಿಗೆ ಇಂಥ 60 ಪಂಕ್ತಿ ಏಳಬೇಕು. ಪಲ್ಯ ಹೋಗದ ಎಲೆ ಒಂದೆರಡು ಇದ್ದರೆ ಯಾರನ್ನು ಬೈಯೋಣ?

ಬೈದರು. 1982ರಲ್ಲಿ ಪ್ಯಾಕ್‌ಮ್ಯಾನ್ ಎಂಬ ಆಟ ಈ ಪೆಟ್ಟಿಗೆಗೆ ಬಂದಾಗ ಅದರ ನಾಲ್ಕು ದೆವ್ವಗಳು ಮಿಣಮಿಣ ಎನ್ನುತ್ತಿದ್ದವು. ಯಂತ್ರಕ್ಕೆ ನಾಲ್ಕನ್ನೂ ಒಟ್ಟಿಗೆ ತೋರಿಸುವ ಶಕ್ತಿಯಿಲ್ಲದೆ ಸರದಿಯಂತೆ ಒಂದೊಂದನ್ನೇ ತೋರಿಸುತ್ತಿತ್ತು. ಕಾಸು ಹಾಕಿ ಆಡುವ ಯಂತ್ರದಲ್ಲಿ ಮೂಲ ಆಟವನ್ನು ನೋಡಿಬಂದ ಮಕ್ಕಳಿಗೆ ಅಸಮಾಧಾನ. ನನ್ನ ಮಟ್ಟಿಗೆ, ದೆವ್ವ ಮಿಣಮಿಣ ಎನ್ನದೆ ಟ್ಯೂಬ್‌ಲೈಟಿನ ಹಾಗೆ ಸ್ಥಿರವಾಗಿ ಉರಿದರೇ ಅನುಮಾನ ಬರಬೇಕು. (ಟ್ಯೂಬ್‌ಲೈಟೂ ನಮ್ಮ ಮನೆಯದು ಮಿಣಮಿಣವೇ, ಬಿಡಿ.)

ನನಗೆ ಹುಚ್ಚು ಹಿಡಿಸಿದ್ದು 1980ರ 'ಅಡ್ವೆಂಚರ್'. ಅದರ ವೀರನೆಂದರೆ ಒಂದು ಚೌಕ. ತೋಳಿಲ್ಲ, ಕಾಲಿಲ್ಲ, ಬರೀ ಚೌಕ. ಕತ್ತಿಯೆಂದರೆ ಒಂದು ಬಾಣದ ಗುರುತು. ಡ್ರ್ಯಾಗನ್ ಎನ್ನುವುದಂತೂ ಸಾಕ್ಷಾತ್ ಬಾತುಕೋಳಿ. ನಗುತ್ತ ಎದುರು ಹೋದರೆ ನುಂಗಿಬಿಡುತ್ತದೆ. ಒಂದು ಬಾವಲಿ ಬೇರೆ ಇದೆ. ಹೋರಾಟದ ನಡುವೆ ಬಂದು ಕೈಯ ಕತ್ತಿಯನ್ನು ಕಸಿದು, ಬದಲಿಗೆ ಬೇಡದ್ದೇನನ್ನೋ ಬಿಟ್ಟುಹೋಗುತ್ತದೆ. ಹಳೆ ಪೇಪರು ಒಯ್ದು ಪ್ಲಾಸ್ಟಿಕ್ ಬಕೆಟ್ಟು ಕೊಟ್ಟು ಹೋಗುವವರಾದರೂ ಕೇಳಿ ಒಯ್ಯುತ್ತಿದ್ದರು.

ಇದನ್ನು ಬರೆದವರು ವಾರನ್ ರಾಬಿನೆಟ್. ಆಗ ಅಟಾರಿ ಕಂಪನಿ ಆಟ ಬರೆದವರ ಹೆಸರನ್ನು ಎಲ್ಲೂ ಹಾಕುತ್ತಿರಲಿಲ್ಲ. ಈ ಅಸಮಾಧಾನ ಸೇರಿದಂತೆ ಹಲವು ಕಾರಣಕ್ಕೆ ಡೇವಿಡ್ ಕ್ರೇನ್ ಮೊದಲಾದವರು ಹೊರಬಂದು 1979ರಲ್ಲಿ ಆಕ್ಟಿವಿಷನ್ ಎಂಬ ಕಂಪನಿ ಕಟ್ಟಿದರು. ರಾಬಿನೆಟ್ ಜಗಳಕ್ಕೆ ಹೋಗಲಿಲ್ಲ. ಕಪ್ಪು ಕೋಟೆಯೊಳಗೆ, ಸೇತುವೆಯನ್ನು ಹೊತ್ತೊಯ್ದು ಇಟ್ಟರಷ್ಟೇ ತಲುಪುವ ಮೂಲೆಯಲ್ಲಿ, ನೆಲದ ಬಣ್ಣದ್ದೇ ಒಂದು ಚುಕ್ಕೆ ಇಟ್ಟರು. ಅದನ್ನೂ ಇನ್ನೊಂದೆರಡು ವಸ್ತುಗಳನ್ನೂ ಬೇರೊಂದು ಕೋಣೆಗೆ ತಂದರೆ ಅಲ್ಲಿನ ಗೋಡೆ ಮಿಣುಕತೊಡಗುತ್ತದೆ. ತೂರಿ ಆಚೆ ಹೋದರೆ, ಮೇಲಿನಿಂದ ಕೆಳಕ್ಕೆ ಅವರ ಹೆಸರು! ನಮ್ಮ ಸೋಮನಾಥಪುರದ ಮಲ್ಲಿತಮ್ಮ ತಾನು ಕಡೆದ ವಿಗ್ರಹಗಳ ಬುಡದಲ್ಲಿ ರಾಜಾರೋಷವಾಗಿ ಹೆಸರು ಕೆತ್ತಿದ. ಈ ಮಹಾರಾಯರು ಒಂದು ಚುಕ್ಕೆಯ ಹಿಂದೆ ಬಚ್ಚಿಡಬೇಕಾಯಿತು.

ಆಟ ಅಂಗಡಿಗೆ ಬರುವ ಹೊತ್ತಿಗೆ ಅವರು ಕೆಲಸ ಬಿಟ್ಟಾಗಿತ್ತು. ಗುಟ್ಟನ್ನು ರಟ್ಟು ಮಾಡಿದ್ದು ಸಾಲ್ಟ್ ಲೇಕ್ ಸಿಟಿಯ ಒಬ್ಬ ಹುಡುಗ. ತಾನು ಕಂಡದ್ದನ್ನು ಕಂಪನಿಗೇ ಪತ್ರ ಬರೆದು ತಿಳಿಸಿದ.

ಆ ಹುಡುಗನ ತಾಳ್ಮೆ ನನಗೆಲ್ಲಿ? ಸೇತುವೆ ಹೊತ್ತು ಹೊರಟವನ ಕೈಯಿಂದ ಬಾವಲಿ ಅದನ್ನೂ ಕಿತ್ತುಕೊಂಡಿತು. ತಿರುಗಿದರೆ ಹಿಂದೆ ಬಾತುಕೋಳಿ. ಅಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ: "ರೀ, ಫೋನು ಖಾಲಿ ಆಯ್ತಾ?"

ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ನುಂಗಲ್ಪಟ್ಟ ಚೌಕ ಈ ಆಟದಲ್ಲಿ ಮಾಯವಾಗುವುದಿಲ್ಲ. ಬಾತುಕೋಳಿಯ ಹೊಟ್ಟೆಯೊಳಗೆ ಕಣ್ಣಿಗೆ ಕಾಣುವ ಹಾಗೆ ಕೂತಿರುತ್ತದೆ.