ಮನೇಲಿ ಉಳಿದವನು

ಚಾರ್ಲ್ಸ್ ಲ್ಯಾಂಗ್ ಫ್ರೀಯರ್ ಅಮೆರಿಕದ ಡೆಟ್ರಾಯಿಟ್‌ನವನು. ರೈಲು ವ್ಯಾಗನ್ ತಯಾರಿಸಿ ದುಡ್ಡು ಮಾಡಿದ, ನಲವತ್ತೈದರ ಆಸುಪಾಸಿಗೇ ಕೆಲಸಕ್ಕೆ ವಿದಾಯ ಹೇಳಿದ. ಆಮೇಲೆ ಈಜಿಪ್ಟ್, ಜಪಾನ್, ಚೀನಾ ಅಂತ ಸುತ್ತುತ್ತಾ ಕಲಾಕೃತಿ ಕೊಂಡ. 1904ರಲ್ಲಿ ಲಂಡನ್ನಿನಿಂದ ವಿಸ್ಲರ್ ಚಿತ್ರಿಸಿದ ಇಡೀ ನವಿಲುಕೋಣೆಯನ್ನೇ ಕೊಂಡು, ಬಿಚ್ಚಿಸಿ ತರಿಸಿ, ಮನೆಯಲ್ಲಿ ಮತ್ತೆ ಜೋಡಿಸಿದ.

ಯಜಮಾನ ಊರಲ್ಲಿಲ್ಲದಾಗ ಆ ಮನೆ ನೋಡಿಕೊಳ್ಳುತ್ತಿದ್ದವನು ವಾರಿಂಗ್. ಆಗ ವಾಟ್ಸಾಪ್ ಇಲ್ಲ. ಪತ್ರ ಹಡಗಿನಲ್ಲಿ ವಾರಗಟ್ಟಲೆ ಹೋಗಬೇಕು. ಉತ್ತರ ಬರೋ ಹೊತ್ತಿಗೆ ಪ್ರಶ್ನೆಯೇ ಹಳಸಿರುತ್ತೆ. ಯಾವ ಕಾಗದ ಮುಂದಕ್ಕೆ ಕಳಿಸೋದು, ಯಾವುದು ಕಾಯಬಹುದು, ಬಂದ ಪೆಟ್ಟಿಗೆ ಎಲ್ಲಿಡೋದು? ಇಂಥ ಕೆಲಸಕ್ಕೆ ವಿಧೇಯತೆ ಸಾಲಲ್ಲ, ವಿವೇಕ ಬೇಕು.

ಫ್ರೀಯರ್ ಸಂಗ್ರಹವನ್ನು ದೇಶಕ್ಕೆ ಕೊಟ್ಟ. 1919ರಲ್ಲಿ ತೀರಿಕೊಂಡ. 1923ರಲ್ಲಿ ವಾಷಿಂಗ್ಟನ್‌ನಲ್ಲಿ ಅವನ ಹೆಸರಿನ ಗ್ಯಾಲರಿ ತೆರೆಯಿತು. ವಾರಿಂಗ್ ಹೆಸರು ಹಳೇ ಪತ್ರಗಳ ಕಡತ ನೋಡುವವರಿಗಷ್ಟೇ ಗೊತ್ತು.

ನಾನೂ ಬೆಂಗಳೂರಲ್ಲಿ ಕೂತು 'ಊರಲ್ಲಿ ನಮ್ಮದೊಂದು ಮನೆ ಇದೆ' ಅಂತ ಹೇಳ್ಕೊಳ್ತೀನಿ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸೋದು, ಕರೆಂಟ್ ಬಿಲ್ ಕಟ್ಟೋದು, ನನ್ನ ಹೆಸರಿಗೆ ಬಂದ ಬ್ಯಾಂಕಿನ ಕಾಗದ ಬಿಚ್ಚಿ ಓದಿ ಫೋಟೋ ಕಳಿಸೋದು ಎಲ್ಲಾ ಅಣ್ಣ. 'ಇದು ಅರ್ಜೆಂಟ್ ಕಣೋ, ಇದು ಬಿಡು, ನಾನು ನೋಡ್ಕೊಂಡೆ' ಅಂತ ವಿಂಗಡಿಸೋದೂ ಅವನೇ. ಹದಿನೈದು ವರ್ಷದಿಂದ.

ಮುಂದಿನ ತಿಂಗಳು ಪಾಲಿನ ಮಾತುಕತೆ ಇದೆ. ಗದ್ದೆ ಎಷ್ಟು, ತೋಟ ಎಷ್ಟು ಅಂತ ಹಿರಿಯರು ಲೆಕ್ಕ ಹಾಕ್ತಾರೆ. ಈ ಹದಿನೈದು ವರ್ಷದ ಲೆಕ್ಕ ಎತ್ತಬೇಕಾದವನು ನಾನು. ಅಣ್ಣ ಅಂತೂ ಎತ್ತಲ್ಲ.