ನೀರಿಗಿಳಿಯುವ ಪ್ಯಾಂಟು

ಭಾನುವಾರ, ಕಲಬುರಗಿಯ ಅಪ್ಪನ ಕೆರೆ ದಂಡೆ. ಬ್ರಹ್ಮಪುರದ ಮನೆಯಿಂದ ವಾಕಿಂಗ್ ಅಂತ ಇಲ್ಲಿಗೇ ಬರುವುದು. ಇಬ್ಬರು ಅಂತರಗಂಗೆ ಎಳೆಯುತ್ತಿದ್ದರು. ಎದೆಮಟ್ಟ ನೀರು, ಮೈಮೇಲೆ ಚಡ್ಡಿ ಬನಿಯನ್. ದಂಡೆ ಮೇಲೆ ಒಂದು ಜೋಡಿ ಹೊಸ ಗಂಬೂಟು. ಒಂದರೊಳಗೆ ಮೊಬೈಲು, ಇನ್ನೊಂದರಲ್ಲಿ ಬೀಡಿ ಕಟ್ಟು.

"ಹಾಕ್ಕೊಳ್ಳಂಗಿಲ್ಲೇನ್ರಿ?"

"ಬೂಟು ಮೊಣಕಾಲ್ತನ ಅದ, ನೀರು ಎದಿತನ ಅದ. ಹಾಕ್ಕೊಂಡ್ರ ಕಾಲಿಗೆ ಎರಡು ಕೊಡ ಕಟ್ಟಿಕೊಂಡಂಗ್ರಿ ಸರ್."

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಅದೇ ದಿನ, ಮಧ್ಯಾಹ್ನ. ಹಳೆಯ ಅಂತರಗಂಗೆ ನೀರ ಮೇಲೆ ತೇಲುವ ಪುಟ್ಟ ಎಲೆಕೋಸಿನಂತಿರುತ್ತದೆ. ಅವರಿಬ್ಬರು ಎಳೆಯುತ್ತಿದ್ದದ್ದು ಅದಲ್ಲ; ನೇರಳೆ ಹೂವಿನ ಈ ಗಿಡ ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯದು. ಹೂವಿನ ಚಂದಕ್ಕೆ ಮರುಳಾಗಿ ತಂದವರು ಯಾರೋ, ಹೆಸರು ಮಾತ್ರ ನಮ್ಮ ಬಡ ಗಿಡದ್ದನ್ನೇ ಕಸಿದುಕೊಂಡಿತು. ಅದರ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ. ಅಂದರೆ ಅವರಿಬ್ಬರು ಬೆಳಗ್ಗೆಯಿಂದ ಹೊತ್ತು ಹಾಕುತ್ತಿದ್ದದ್ದು ಕೆರೆಯನ್ನೇ.

ಮಂಗಳವಾರ, ಸೂಪರ್ ಮಾರ್ಕೆಟ್. ಕಮಲಾಪುರದ ಹತ್ತಿರ ಮಾವನ ಹೊಲದಲ್ಲಿ ಕೆಂಪು ಬಾಳೆ ಪಕ್ಕ ಒಂದು ಕೃಷಿ ಹೊಂಡವಿದೆ. ಹೂ ಚಂದ ಅದ ಅಂತ ಅತ್ತೆ ತಂದು ಬಿಟ್ಟ ಒಂದೇ ಅಂತರಗಂಗೆ ಗಿಡ ಈಗ ಅರ್ಧ ಹೊಂಡ ಮುಚ್ಚಿದೆ. ನಾನೇ ಇಳಿದು ತೆಗೀತೀನಿ ಅಂತ ಬಾಯಿ ಬಿಟ್ಟಾಗಿದೆ. ರೇನ್‌ಕೋಟ್ ಕೇಳಿದರೆ ಅಂಗಡಿಯವ, "ಮ್ಯಾಲಿಂದ ಬರೋ ನೀರಿಗೋ, ಕೆಳಗಿಂದ ಬರೋದಕ್ಕೋ?" ಎಂದ. ಹೌದಲ್ಲ! ಮಳೆ ಬಿದ್ದು ಜಾರಿ ಹೋಗುತ್ತದೆ. ಕೆರೆಯ ನೀರು ಒತ್ತುತ್ತಲೇ ಇರುತ್ತದೆ, ಹೊಲಿಗೆಯ ತೂತು ತೂತನ್ನೂ ಹುಡುಕುತ್ತದೆ. ಬೂಟು, ಪ್ಯಾಂಟು, ಎದೆಯವರೆಗಿನ ಅಂಗಿ ಎಲ್ಲ ಒಂದೇ ಆಗಿ ಬೆಸೆದ ವೇಡರ್ ಬೇಕಂತೆ. ತರಿಸಿಕೊಡಲು ನಾಲ್ಕು ದಿನ.

ಬುಧವಾರ. ನಿಯೋಪ್ರಿನ್ ವೇಡರ್ ತಣ್ಣೀರಿಗೆ, ಬೆಚ್ಚಗಿಡುತ್ತದೆ. ಕಲಬುರಗಿಯವನಿಗೆ ಬೆಚ್ಚಗಿಡುವ ಬಟ್ಟೆ! ಬೆವರಿನ ಆವಿಯನ್ನು ಹೊರಗೆ ಬಿಡುವ ಪೊರೆಯದ್ದೂ ಉಂಟು, ಬೆಲೆ ನೋಡಿ ಪುಟ ಮುಚ್ಚಿದೆ. ಪಿವಿಸಿಯೇ ಗತಿ.

ಗುರುವಾರ. ಕೈಯಿಂದ ಮಲ ಬಳಿಯುವ ಪದ್ಧತಿ ನಿಷೇಧದ 2013ರ ನಿಯಮಗಳಲ್ಲಿ, ಒಳಚರಂಡಿಗೆ ಇಳಿಯುವವರಿಗೆ ಕೊಡಬೇಕಾದ ಸಾಮಾನುಗಳ ಪಟ್ಟಿ ಇದೆ. ಅದರಲ್ಲಿ ಬೂಟು ಕೂಡಿದ, ಮೀನುಗಾರರ ವೇಡರ್ ಸೂಟೂ ಇದೆ. ಚರಂಡಿಗೆ ಇಳಿಯುವವನಿಗೆ ಮೀನು ಹಿಡಿಯುವ ದಿರಿಸು. ಇರಲಿ, ಕೊಟ್ಟರೆ ಸಾಕು. ಆದರೆ ಅದೇ ಚರಂಡಿಯ ನೀರು ಹರಿದು ಬಂದು ಕೆರೆ ಎನ್ನಿಸಿಕೊಂಡ ಮೇಲೆ ಅಲ್ಲಿಗೆ ಇಳಿಯುವವನಿಗೆ ಯಾವ ಪಟ್ಟಿ? ಇಲಿ ಜ್ವರದ ರೋಗಾಣು ಕಾಲಲ್ಲಿ ಗಾಯ ಇದ್ದರೆ ಒಳಗೆ ನುಗ್ಗುತ್ತದೆ, ನೀರಿನ ಹೆಸರು ಕೇಳುವುದಿಲ್ಲ. ವೇಡರ್ ಇರುವುದು ಮೈ ಒಣಗಿರಲಿ ಅಂತಲ್ಲ, ಆ ನೀರು ಮೈಗೆ ತಾಗದಿರಲಿ ಅಂತ. ಇಷ್ಟು ಹೊಳೆಯಲು ಐದು ದಿನ ಬೇಕಾಯಿತು.

ಭಾನುವಾರ, ಕಮಲಾಪುರ. ಇಳಿದೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಮೇಲೆ ಪಾಚಿ, ಬೂಟು ಜರ್ರನೆ ಜಾರುತ್ತದೆ. ಮಾವ ಸೊಂಟಕ್ಕೆ ಹಗ್ಗ ಕಟ್ಟಿ ತುದಿಯನ್ನು ಬೇವಿನ ಮರಕ್ಕೆ ಬಿಗಿದರು. ನೀರು ತೊಡೆ ಮುಟ್ಟಿದ ಕೂಡಲೇ ಪ್ಯಾಂಟು ಕಾಲಿಗೆ ಅಪ್ಪಿಕೊಂಡಿತು, ಯಾರೋ ಎರಡೂ ಕಾಲು ಹಿಡಿದು ಹಿಚುಕಿದ ಹಾಗೆ. ವೇಡರ್‌ನೊಳಗೆ ನೀರು ಹೊಕ್ಕರೆ ಅದು ಮುಳುಗಿಸುತ್ತದೆ ಅನ್ನುವುದು ನಿಜವಲ್ಲ, ನೀರಿನೊಳಗೆ ನೀರಿಗೆ ತೂಕವಿಲ್ಲ. ದಡ ಹತ್ತುವಾಗ ಮಾತ್ರ ಆ ಎರಡು ಕೊಡದ ಮಾತೇ ಸರಿ. ಅದಕ್ಕೇ ಸೊಂಟದ ಬೆಲ್ಟು ಬಿಗಿದೆ.

ಅರ್ಧ ಗಂಟೆಗೆ ಮೊಣಕಾಲ ಕೆಳಗೆಲ್ಲ ಒದ್ದೆ. ಸೋರಿತೋ, ಬೆವರೋ? ಕೈ ಹಾಕಿ ಮೂಸಿ ನೋಡಿದೆ. ಗೊತ್ತಾಗಲಿಲ್ಲ. ಲುಂಗಿ ಮೇಲೆ ಕಟ್ಟಿ ಪಕ್ಕದಲ್ಲೇ ಎಳೆಯುತ್ತಿದ್ದ ಮಾವ, "ಅಳಿಯಂದಿರೇ, ಒಳಗೂ ಒಂದು ಕೆರಿ ಕಟ್ಟೀರೇನು?" ಎಂದರು.

ಸೋಮವಾರ ಬೆಳಗ್ಗೆ, ಮನೆಯ ಮಾಳಿಗೆ. ರಾತ್ರಿ ವೇಡರ್ ಅನ್ನು ಬಟ್ಟೆ ಒಣಹಾಕುವ ಪೈಪಿಗೆ ನೇತುಹಾಕಿ, ಮೊಣಕಾಲ ಮಟ್ಟಕ್ಕೆ ನೀರು ತುಂಬಿ, ಕೆಳಗೆ ಹಳೆಯ ಪೇಪರ್ ಹಾಸಿದ್ದೆ. ಪೇಪರ್ ಗರಿಗರಿಯಾಗಿದೆ, ಒಂದು ಹನಿಯೂ ಇಲ್ಲ. ಹಾಗಾದರೆ ನಿನ್ನೆಯದೆಲ್ಲ ನನ್ನದೇ.